ಪೆರಿನೆಲ್ಲಿ ಮನೆಯ ಸೂತಕ

ಕೆಲವರಿಗೆ ಉಗುರು ಕಚ್ಚುವ ಚಟ, ಕೆಲವರಿಗೆ ನಶ್ಯದ ಚಟ. ನನಗಿರುವುದು ಅಡ್ಡಹೆಸರಿನ ಚಟ. ಯಾರಾದರೂ ತಮ್ಮ ಹೆಸರು ಹೇಳಿದರೆ ಸಾಕು, ಕೈ ಕುಲುಕಿ ಮುಗಿಯುವ ಮೊದಲೇ, 'ಅಂದ್ರ ಗದಗಿನ ದೇಸಾಯರು ನಿಮಗೇನಾಗಬೇಕ್ರೀ?' ಎಂದು ಕೇಳಿಬಿಡುತ್ತೇನೆ. ನಮ್ಮ ಧಾರವಾಡದ ಕಡೆ ಇದನ್ನು ಚಟ ಅನ್ನುವುದಿಲ್ಲ, ಶಿಷ್ಟಾಚಾರ ಅನ್ನುತ್ತಾರೆ. ಅಲ್ಲಿ ಮನುಷ್ಯ ಒಬ್ಬನೇ ಬರುವುದಿಲ್ಲ. ಅವನ ಬೆನ್ನ ಹಿಂದೆ ಸೋದರಮಾವ, ಷಡ್ಡಕ, ಬೀಗರು ಎಲ್ಲ ಸಾಲುಗಟ್ಟಿ ನಿಂತಿರುತ್ತಾರೆ. ಅವರಲ್ಲಿ ಒಬ್ಬರಾದರೂ ನಮಗೆ ಏನಾದರೂ ಆಗುವವರೆಗೆ ಚಹಾ ಕೂಡ ಗಂಟಲಲ್ಲಿ ಇಳಿಯುವುದಿಲ್ಲ. ನನ್ನ ಅಪ್ಪ ಒಮ್ಮೆ ರೈಲಿನಲ್ಲಿ ಟಿಕೆಟ್ ನೋಡಲು ಬಂದ ಟಿ.ಸಿ.ಯ ಎದೆಯ ಮೇಲಿನ ಹೆಸರು ಓದಿ, ಮುಂದಿನ ಸ್ಟೇಷನ್ ಬರುವುದರೊಳಗೆ ಆತನನ್ನು ನಮ್ಮ ಅತ್ತೆಯ ಮೈದುನನ ಅಳಿಯನನ್ನಾಗಿ ಮಾಡಿ ಪಕ್ಕದಲ್ಲಿ ಕೂರಿಸಿಕೊಂಡಿದ್ದರು. ಪಾಪ, ಆತನಿಗೆ ಆಮೇಲೆ ಟಿಕೆಟ್ ಕೇಳುವ ಧೈರ್ಯ ಬರಲಿಲ್ಲ. ಟಿಕೆಟ್ ನಮ್ಮ ಹತ್ತಿರ ಇತ್ತು ಅನ್ನುವುದು ಬೇರೆ ಮಾತು.

ಅಮೆರಿಕಕ್ಕೆ ಬಂದ ಮೇಲೆ ಈ ಚಟ ತಾನಾಗಿ ಕಡಿಮೆಯಾಯಿತು. ಮಿಶಿಗನ್ ರಾಜ್ಯದ ನೋವೈ ಊರಿನಲ್ಲಿ ಕಾರಿನ ಬ್ರೇಕುಗಳನ್ನು ಪರೀಕ್ಷಿಸುವ ನನ್ನ ಆಫೀಸಿನಲ್ಲಿ ಆರು ಜನ ಸ್ಮಿತ್‌ಗಳಿದ್ದರು. ಮೊದಲ ವರ್ಷ ಆರೂ ಜನರನ್ನು ಕೇಳಿದೆ. ಒಬ್ಬನಿಗೊಬ್ಬ ಏನೂ ಆಗಬೇಕಾಗಿರಲಿಲ್ಲ. ಅದರ ಬಗ್ಗೆ ಅವರಿಗೆ ಬೇಸರವೂ ಇರಲಿಲ್ಲ. ಇಂಥ ದೇಶದಲ್ಲಿ ಯಾರನ್ನು ಏನು ಕೇಳುವುದೆಂದು ಸುಮ್ಮನಾದೆ.

ಹೀಗೆ ಇಪ್ಪತ್ತಾರು ವರ್ಷ ಸುಮ್ಮನಿದ್ದವನಿಗೆ, ಶಿಕಾಗೋದಲ್ಲಿ ಕೆಲಸಕ್ಕಿರುವ ಮಗಳು ಮೇಧಾ ಒಂದು ದಿನ ಫೋನ್ ಮಾಡಿ, ತಾನೊಬ್ಬ ಹುಡುಗನನ್ನು ಮೆಚ್ಚಿದ್ದೇನೆಂದೂ, ಹೆಸರು ನಿಕ್ ಪೆರಿನೆಲ್ಲಿ, ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಾನೆಂದೂ ಹೇಳಿದಳು. ನನ್ನ ಹೆಂಡತಿ ಶೈಲಾ, 'ಅಡಗಿ ಮಾಡ್ಲಿಕ್ಕೆ ಬರ್ತದೇನು?' ಎಂದು ಒಂದೇ ಪ್ರಶ್ನೆ ಕೇಳಿ ಒಪ್ಪಿಬಿಟ್ಟಳು. ನಾನು ಬಾಯಿ ತೆರೆದೆ ಅಷ್ಟೆ.

'ಅಪ್ಪಾ, ಡೋಂಟ್,' ಎಂದಳು ಮೇಧಾ. 'ಅವರ ಫ್ಯಾಮಿಲಿ ಬಗ್ಗೆ ನೀವು ಒಂದೇ ಒಂದು ಕ್ವೆಶ್ಚನ್ ಕೇಳಿದ್ರೂ ನಾವಿಬ್ರೂ ಕೋರ್ಟ್‌ಹೌಸ್‌ಗೆ ಹೋಗಿ ಮದುವೆ ಮಾಡ್ಕೋತೀವಿ. ಐ ಆಮ್ ಸೀರಿಯಸ್.'

ನನ್ನೊಬ್ಬ ಗೆಳೆಯನ ಮಗ ಹೀಗೆಯೇ ಮಾಡಿದ್ದ. ಗೆಳೆಯ ಮಗನ ಮದುವೆಯನ್ನು ಪೆಟ್ರೋಲ್ ಪಂಪಿನಲ್ಲಿ ನಿಂತು ಫೋನಿನ ಫೋಟೋದಲ್ಲಿ ನೋಡಿದ. ನನಗಿರುವುದು ಒಬ್ಬಳೇ ಮಗಳು. ಅವಳ ಮದುವೆಯಲ್ಲಿ ನಾನು ನಿಂತಿರಬೇಕು, ಅಕ್ಷತೆ ಹಾಕಬೇಕು, ಆಮೇಲೆ ಯಾರಿಗೂ ಕಾಣದಂತೆ ಕಣ್ಣು ಒರೆಸಿಕೊಳ್ಳಬೇಕು. ಇಷ್ಟೇ ನನ್ನ ಆಸೆ. ಅದಕ್ಕೇ ಏನನ್ನೂ ಕೇಳುವುದಿಲ್ಲ ಎಂದು ಮಾತು ಕೊಟ್ಟೆ. ಓದುವುದಿಲ್ಲ ಎಂದು ಮಾತ್ರ ಕೊಟ್ಟಿರಲಿಲ್ಲ.

ಮರುದಿನ ಆಫೀಸಿನಲ್ಲಿ ಮೊಸರನ್ನದ ಡಬ್ಬಿ ತೆರೆದುಕೊಂಡು ಅಂತರ್ಜಾಲದಲ್ಲಿ ಹುಡುಕಿದೆ. ಪೆರಿನೆಲ್ಲಿ ಎಂಬ ಅಡ್ಡಹೆಸರಿನ ಗಣ್ಯರದೇ ಒಂದು ಪುಟವಿತ್ತು! ಹನ್ನೊಂದು ಜನ. ಒಬ್ಬ ಬಿಷಪ್ಪು, ಒಬ್ಬ ಹಾಡುವ ಹೆಣ್ಣುಮಗಳು, ಸೈಕಲ್ ರೇಸಿನವರು ಇಬ್ಬರು, ಗಾಜಿನ ಕೆಲಸದವನೊಬ್ಬ, ಇಟಲಿಯ ಹೆಸರಾಂತ ಫುಟ್‌ಬಾಲ್ ಗೋಲ್‌ಕೀಪರ್ ಒಬ್ಬ, ಜ್ವಾಲಾಮುಖಿಗಳ ಬಗ್ಗೆ ಅಭ್ಯಾಸ ಮಾಡಿದ ವಿಜ್ಞಾನಿಯೊಬ್ಬ. ವಿಜ್ಞಾನಿ ಸತ್ತದ್ದು ಹೇಗೆಂದು ಬರೆದಿರಲಿಲ್ಲ, ಬರೆಯುವ ಅಗತ್ಯವೂ ಇರಲಿಲ್ಲ. ನನ್ನ ಸಂತೋಷ ಏನು ಹೇಳಲಿ! ಊರಲ್ಲಿ ಒಂದು ಮನೆತನದ ಬಗ್ಗೆ ಇಷ್ಟು ವಿಚಾರಿಸಬೇಕಾದರೆ ನಾಲ್ಕು ಮದುವೆ, ಎರಡು ಮುಂಜಿವೆ ಉಣ್ಣಬೇಕಾಗುತ್ತದೆ. ಪ್ರತಿ ಹೆಸರಿನ ಮುಂದೆ ಹುಟ್ಟಿದ ಇಸವಿ, ಸತ್ತವರಿಗೆ ಸತ್ತ ಇಸವಿ ಇದ್ದವು. ಎಲ್ಲವನ್ನೂ ಕಳೆದು ಆಯುಷ್ಯ ನೋಡಿದೆ.

'ಮನಿತನ ಛಲೋ ಅದ,' ಎಂದು ಸಂಜೆ ಶೈಲಾಗೆ ವರದಿ ಒಪ್ಪಿಸಿದೆ. 'ಒಬ್ಬರು ಸ್ವಾಮಿಗಳಾಗ್ಯಾರ. ಸಂಗೀತ ಅದ. ಆಯುಷ್ಯ ಒಂದ ಸ್ವಲ್ಪ ಕಡಿಮಿ ಅನಸ್ತದ.'

'ಹುಡುಗ ಗಣಿತ ಕಲಸ್ತಾನ್ರೀ, ಜ್ವಾಲಾಮುಖಿಗೆ ಹೋಗಿ ಇಣಕೂದಿಲ್ಲ. ಸುಮ್ಮ ಊಟಾ ಮಾಡ್ರಿ,' ಎಂದಳು.

ಮುಂದಿನ ವಾರ ಬೀಗರನ್ನು ವಿಡಿಯೋದಲ್ಲಿ ನೋಡಿದೆವು. ನಿಕ್‌ನ ಅಪ್ಪ ಫ್ರ್ಯಾಂಕ್, ಟೈಲ್ಸ್ ಕೂರಿಸುವ ಕೆಲಸ ಮಾಡಿ ನಿವೃತ್ತರಾದವರು, ದೊಡ್ಡ ಹೊಟ್ಟೆಯ, ದೊಡ್ಡ ದನಿಯ ಮನುಷ್ಯ. ಅಮ್ಮ ಆಂಜೆಲಾ, ತೆಳ್ಳಗೆ, ಕಡಿಮೆ ಮಾತು. ನಾನು ಮಾತಿಗೆ ತಪ್ಪಲಿಲ್ಲ. ಶಿಕಾಗೋದ ಗಾಳಿಯ ಬಗ್ಗೆ ಮಾತ್ರ ಕೇಳಿದೆ. ಫ್ರ್ಯಾಂಕ್ ಅವರೇ ತಾವಾಗಿ ಗೋಡೆಯ ಮೇಲಿನ ಫೋಟೋ ತೋರಿಸಿ, 'ಇವರು ನಮ್ಮಪ್ಪನ ಕಸಿನ್. ನನಗೆ ಚೆಂಡು ಹಿಡಿಯಲು ಕಲಿಸಿದ್ದೇ ಇವರು,' ಎಂದು ಎರಡೂ ಅಂಗೈ ಅಗಲಿಸಿದರು. ನೋಡಿದರೆ ನನ್ನ ಪಟ್ಟಿಯ ಗೋಲ್‌ಕೀಪರ್! ಕುರ್ಚಿಯಿಂದ ಬೀಳುವುದೊಂದು ಬಾಕಿ. ಆಂಜೆಲಾ ಯಾಕೋ ಕಾಫಿ ತರಲು ಎದ್ದು ಹೋದರು. ಒಂದು ಭಾನುವಾರ ಅವರ ಮನೆಯಲ್ಲೇ ನಿಶ್ಚಿತಾರ್ಥ ಎಂದು ಗೊತ್ತಾಯಿತು.

ಆ ಭಾನುವಾರಕ್ಕೆ ಮೂರು ದಿನ ಮುಂಚೆ, ಗುರುವಾರ, ಊಟದ ಹೊತ್ತಿನಲ್ಲಿ ಅಭ್ಯಾಸಬಲದಿಂದ ಆ ಪುಟ ತೆರೆದೆ. ಗೋಲ್‌ಕೀಪರರ ಹೆಸರಿನ ಮುಂದೆ ಅಲ್ಲಿಯವರೆಗೆ ಖಾಲಿ ಇದ್ದ ಜಾಗದಲ್ಲಿ ಈ ವರ್ಷದ ಇಸವಿ ಬಂದು ಕೂತಿತ್ತು. ಒತ್ತಿ ನೋಡಿದರೆ, ಮಂಗಳವಾರ ತೀರಿಕೊಂಡಿದ್ದರು. ಮೊಸರನ್ನದ ಡಬ್ಬಿ ಮುಚ್ಚಿಟ್ಟೆ. ಮನೆಯ ಹಿರಿಯ ದಾಯಾದಿ ಹೋಗಿದ್ದಾರೆ, ಹೆಣ್ಣಿನ ಕಡೆಯವರಿಗೆ ಹೇಗೆ ಹೇಳುವುದೆಂದು ಬೀಗರು ಒದ್ದಾಡುತ್ತಿರಬೇಕು. ಸೂತಕದ ಮನೆಯಲ್ಲಿ ದೇವರಿಗೆ ದೀಪ ಹಚ್ಚುವುದಿಲ್ಲ, ನಿಶ್ಚಿತಾರ್ಥವೆಲ್ಲಿ ಬಂತು? ಯಾರನ್ನೂ ಕೇಳದೆ ಫೋನ್ ಹಚ್ಚಿದೆ. ನನ್ನ ಜೀವನದ ಎಲ್ಲ ದೊಡ್ಡ ತಪ್ಪುಗಳನ್ನೂ ನಾನು ಯಾರನ್ನೂ ಕೇಳದೆಯೇ ಮಾಡಿದ್ದೇನೆ.

ಆಂಜೆಲಾ ಎತ್ತಿಕೊಂಡರು. ಅಂತರ್ಜಾಲದ ಪೆರಿನೆಲ್ಲಿಗಳ ಪಟ್ಟಿಯಲ್ಲಿ ಗೋಲ್‌ಕೀಪರರ ಸುದ್ದಿ ನೋಡಿ ಬಹಳ ಸಂಕಟವಾಯಿತು, ನೀವು ಸಂಕೋಚ ಮಾಡಿಕೊಳ್ಳಬೇಡಿ, ನಿಶ್ಚಿತಾರ್ಥ ಮುಂದೆ ಹಾಕೋಣ ಎಂದೆ.  ಆ ಕಡೆಯಿಂದ ದುಃಖ ನುಂಗಿಕೊಂಡಂತೆ ಒಂದು ಸದ್ದು ಬಂತು. 'ಹೌದು,' ಎಂದರು. 'ಫ್ರ್ಯಾಂಕ್ ಬಹಳ ಕುಗ್ಗಿಹೋಗಿದ್ದಾನೆ. ನಿಮ್ಮಲ್ಲಿ ಇದಕ್ಕೆ ಏನು ಮಾಡುತ್ತೀರಿ?'

ಸೂತಕದಲ್ಲಿ ಹತ್ತು ದಿನದ ದಾಯಾದಿ, ಮೂರು ದಿನದ ದಾಯಾದಿ ಎಂದು ಇರುತ್ತದೆ, ನಿಮ್ಮದು ತೀರ ಹತ್ತಿರದ್ದಾದ್ದರಿಂದ ಹತ್ತು ದಿನ ಎಂದು ವಿವರಿಸಿದೆ. ಸುದ್ದಿ ತಡವಾಗಿ ತಿಳಿದರೆ ಉಳಿದ ದಿನ ಹಿಡಿದರೆ ಸಾಕು ಎಂದರೂ ಅವರು ಕೇಳಲಿಲ್ಲ. ಇವತ್ತಿನಿಂದ ಪೂರ್ತಿ ಹತ್ತು ಎಂದರು. ಆ ಹತ್ತು ದಿನ ಏನೇನು ಮಾಡಬಾರದು ಎಂದು ಕೇಳಿದರು. ಸಿಹಿ ಇಲ್ಲ, ಕರಿದದ್ದಿಲ್ಲ, ಮಾಂಸ ಮದ್ಯ ಇಲ್ಲ, ಗಡ್ಡ ಹೆರೆಯುವಂತಿಲ್ಲ, ಚಾಪೆಯ ಮೇಲೆ ಮಲಗಬೇಕು ಎಂದು ನಮ್ಮ ಅಜ್ಜನ ಕಾಲದ ನಿಯಮಗಳನ್ನೆಲ್ಲ ಹೇಳಿದೆ. ನಾವೇ ಅದರಲ್ಲಿ ಕಾಲುಭಾಗ ಪಾಲಿಸುವುದಿಲ್ಲ. ಅವರು ಬರೆದುಕೊಳ್ಳುವ ಪೆನ್ಸಿಲ್ಲಿನ ಸದ್ದು ಕೇಳಿಸುತ್ತಿತ್ತು. 'ಚಾಪೆ ಎಷ್ಟು ದಪ್ಪ ಇರಬಹುದು?' ಎಂದು ಕೊನೆಗೆ ಕೇಳಿದರು. ತೆಳ್ಳಗಿದ್ದಷ್ಟೂ ಒಳ್ಳೆಯದು ಎಂದೆ. ಎಂಥ ಸಂಸ್ಕಾರವಂತ ಹೆಂಗಸು ಎಂದು ನನ್ನ ಕಣ್ಣು ತುಂಬಿತು.

ಅರ್ಧ ಗಂಟೆಯಲ್ಲಿ ಮೇಧಾಳ ಫೋನ್ ಬಂತು. ಅವಳ ಗೆಳತಿಯರು ವಿಮಾನದ ಟಿಕೆಟ್ ತೆಗೆಸಿದ್ದರಂತೆ. 'ಯು ಪ್ರಾಮಿಸ್ಡ್, ಅಪ್ಪಾ!'

'ನಾನು ಪ್ರಶ್ನೆ ಕೇಳಲೇ ಇಲ್ಲವಲ್ಲಮ್ಮಾ, ಸಂತಾಪ ಹೇಳಿದೆ,' ಎಂದೆ. ಅವಳು ಫೋನ್ ಇಟ್ಟಳು.

ಮುಂದಿನ ಹತ್ತು ದಿನ ನಮ್ಮ ಮನೆಯಲ್ಲೂ ಸೂತಕವೇ. ಮಗಳು ಮಾತಾಡಲಿಲ್ಲ. ಶೈಲಾ ಉಪ್ಪು, ಸಾರು, ಕಸದ ದಿನ, ಇಷ್ಟಕ್ಕೆ ಮಾತ್ರ ಬಾಯಿ ಬಿಟ್ಟಳು. ನಾನು ಶಿಕಾಗೋದ ಕೋರ್ಟ್‌ಹೌಸಿನಲ್ಲಿ ಮದುವೆ ಮಾಡಿಸುವ ವೇಳೆಯನ್ನು ಹುಡುಕಿ, ದಿನಾ ಸಂಜೆ ಅದು ಮುಚ್ಚುವ ಹೊತ್ತಿನವರೆಗೆ ಫೋನನ್ನು ಕೈಯಲ್ಲಿ ಹಿಡಿದುಕೊಂಡು ಕೂತಿರುತ್ತಿದ್ದೆ. ಮುಚ್ಚಿದ ಮೇಲೆ ಒಂದು ಲೋಟ ನೀರು ಕುಡಿಯುತ್ತಿದ್ದೆ. ಹಾಸ್ಯಕ್ಕೆ ಹೇಳುತ್ತಿಲ್ಲ, ನಿಜವಾಗಿ ಹೆದರಿದ್ದೆ.

ಹನ್ನೊಂದನೆಯ ದಿನ ಭಾನುವಾರ ಬೆಳಗ್ಗೆ ಶಿಕಾಗೋದ ಇಂಡಿಯನ್ ಅಂಗಡಿಗಳ ಬೀದಿ ಡೆವನ್ ಅವೆನ್ಯೂದಲ್ಲಿ ಕಾರು ನಿಲ್ಲಿಸಲು ಜಾಗ ಸಿಗದೆ ಮೂರು ಸುತ್ತು ಹೊಡೆದು, ಹೂವು ಸಿಹಿ ಕೊಂಡು ಬೀಗರ ಮನೆ ಮುಟ್ಟಿದೆವು. ಮೇಧಾ ರೇಷ್ಮೆ ಸೀರೆಯಲ್ಲಿ ನಿಂತಿದ್ದಳು. 'ಹಾಯ್ ಅಪ್ಪಾ' ಎಂದಷ್ಟೇ ಹೇಳಿ ಅಮ್ಮನನ್ನು ತಬ್ಬಿಕೊಂಡಳು. ಫ್ರ್ಯಾಂಕ್ ಅವರನ್ನು ಗುರುತು ಹಿಡಿಯುವುದು ಕಷ್ಟವಾಯಿತು. ಬಿಳಿ ಗಡ್ಡ ಬೆಳೆದಿತ್ತು, ಹೊಟ್ಟೆ ಇಳಿದಿತ್ತು, ಸೊಂಟ ಹಿಡಿದುಕೊಂಡು ನಡೆಯುತ್ತಿದ್ದರು. ತಾವು ಮಾಡಿದ ವೈನ್ ತೋರಿಸುತ್ತೇನೆಂದು ನನ್ನನ್ನು ಗ್ಯಾರೇಜಿಗೆ ಕರೆದುಕೊಂಡು ಹೋಗಿ ಬಾಗಿಲು ಹಾಕಿದರು.

'ಆ ಮನುಷ್ಯ ನನಗೆ ಏನೂ ಆಗಬೇಕಾಗಿಲ್ಲ,' ಎಂದರು.

'ಯಾರು, ಗೋಡೆಯ ಮೇಲಿನ ಗೋಲ್‌ಕೀಪರರೇ?' ಎಂದೆ.

'ಹೆಸರು ಒಂದೇ, ಅಷ್ಟೇ. ಆಂಜೆಲಾಳನ್ನು ಮೊದಲ ಸಲ ಹೊರಗೆ ಕರೆದುಕೊಂಡು ಹೋದಾಗ ಹೇಳಲು ನನ್ನ ಹತ್ತಿರ ಏನೂ ಇರಲಿಲ್ಲ. ಬಾಯಿಗೆ ಬಂತು, ಹೇಳಿಬಿಟ್ಟೆ. ಮೂವತ್ತೈದು ವರ್ಷ ಆಯಿತು. ಈಗ ನಿಮ್ಮಿಂದ ಹತ್ತು ದಿನ ನೆಲದ ಮೇಲೆ ಮಲಗಿದ್ದೇನೆ. ದಯವಿಟ್ಟು ಅವಳಿಗೆ ಹೇಳಬೇಡಿ.'

ಕೈಮುಗಿದು ಕ್ಷಮೆ ಕೇಳಿದೆ. ನಾಲಗೆ ಕತ್ತರಿಸಿದರೂ ಹೇಳುವುದಿಲ್ಲ ಎಂದೆ. ಹೊರಗೆ ಬಂದು ನೀರು ಬೇಕೆಂದು ಅಡುಗೆಮನೆಗೆ ಹೋದರೆ ಅಲ್ಲಿ ಆಂಜೆಲಾ ಒಬ್ಬರೇ ಇದ್ದರು.

'ಹೇಳಿದನೇ?' ಎಂದರು. ನನ್ನ ಮುಖ ಎಂದೂ ಗುಟ್ಟು ಮುಚ್ಚಿಟ್ಟಿಲ್ಲ. ಅವರು ಬಾಗಿಲ ಕಡೆ ನೋಡಿ ದನಿ ತಗ್ಗಿಸಿದರು. 'ಮದುವೆಯ ವಾರವೇ ನನ್ನ ಅತ್ತೆ ಹೇಳಿದ್ದರು. ಮಕ್ಕಳಿಗೂ ಗೊತ್ತು, ಬೀದಿಗೆಲ್ಲ ಗೊತ್ತು. ಮೂವತ್ತೈದು ವರ್ಷದಲ್ಲಿ ಅದನ್ನು ನಂಬಿದವರು ನೀವೊಬ್ಬರೇ.'

ಮೂವತ್ತೈದು ವರ್ಷದಲ್ಲಿ ನಾನೊಬ್ಬನೇ! 'ಹಾಗಾದರೆ ಯಾಕೆ...' ಎಂದೆ.

'ವೈನ್ ಬಿಡು, ಕರಿದದ್ದು ಬಿಡು ಎಂದು ಡಾಕ್ಟರು ಹೇಳಿ ಆರು ವರ್ಷವಾಯಿತು. ನನ್ನ ಮಾತು ಕೇಳಲಿಲ್ಲ, ಡಾಕ್ಟರ ಮಾತು ಕೇಳಲಿಲ್ಲ. ನಿಮ್ಮ ಪದ್ಧತಿಯ ಮಾತು ಕೇಳಿದ. ನಿಮ್ಮ ಪಟ್ಟಿಯಲ್ಲಿ ಇನ್ನೂ ಬದುಕಿರುವ ಪೆರಿನೆಲ್ಲಿಗಳು ಎಷ್ಟು ಜನ ಇದ್ದಾರೆ?' ಎಂದು ನಕ್ಕರು. ಆಮೇಲೆ ಕೈ ಒರೆಸಿಕೊಳ್ಳುತ್ತ, 'ಆ ಮೊದಲ ದಿನ ಅದನ್ನು ಹೇಳುತ್ತ ಅಂಗೈ ಅಗಲಿಸಿ ನೀರಿನ ಲೋಟ ಉರುಳಿಸಿದ್ದ. ಗೊತ್ತು ಅಂದುಬಿಟ್ಟರೆ ಇನ್ನು ಆ ಕಥೆ ಹೇಳುವುದೇ ಇಲ್ಲ. ನನಗೆ ಆ ಕಥೆ ಬೇಕು,' ಎಂದರು.

ಉಂಗುರ ಬದಲಾಯಿಸಿದ ಮೇಲೆ ಫ್ರ್ಯಾಂಕ್ ಲೋಟ ಎತ್ತಿಕೊಂಡು ನಾಲ್ಕು ಮಾತಾಡಿದರು. ನನ್ನ ದುಃಖದಲ್ಲಿ ಎಲ್ಲರಿಗಿಂತ ಮೊದಲು ಫೋನ್ ಮಾಡಿದವನು ಈ ಮನುಷ್ಯ, ಇವನು ಇಂದಿನಿಂದ ನನ್ನ ತಮ್ಮ ಎಂದು ಹೇಳಿ ನನ್ನನ್ನು ಎಳೆದು ತಬ್ಬಿಕೊಂಡರು. ಅದು ನಟನೆಯಲ್ಲ. ಮೇಧಾ ಎದ್ದು ಬಂದು ನನ್ನ ಕೈ ಹಿಡಿದುಕೊಂಡಳು. 'ಸಾರಿ ಅಪ್ಪಾ,' ಎಂದಳು. ಕೋರ್ಟ್‌ಹೌಸಿನ ಭಯ ಅಲ್ಲಿಗೆ ಹೋಯಿತು. ಎಲ್ಲರಿಗೂ ಕಾಣುವಂತೆ ಅತ್ತುಬಿಟ್ಟೆ.

ಫ್ರ್ಯಾಂಕ್ ನನಗೆ ಎರಡು ಲೋಟ ವೈನ್ ಕುಡಿಸಿದ್ದರಿಂದ ವಾಪಸು ಬರುವಾಗ ಶೈಲಾಳೇ ಡ್ರೈವ್ ಮಾಡಿದಳು. ಫ್ರ್ಯಾಂಕ್‌ಗೆ ಕೊಟ್ಟ ಮಾತನ್ನು ನಾನು ಇಂಡಿಯಾನಾ ದಾಟುವವರೆಗೂ ಉಳಿಸಿಕೊಂಡೆ. ಮಿಶಿಗನ್ ಬೋರ್ಡು ಕಂಡ ಕೂಡಲೇ ಎಲ್ಲವನ್ನೂ ಹೇಳಿಬಿಟ್ಟೆ. 'ಹೆಂಡತಿಗೆ ಗೊತ್ತೇ ಇಲ್ಲ ಅಂತ ಮೂವತ್ತೈದು ವರ್ಷ ತಿಳಕೊಂಡಾನ ನೋಡು, ಎಂಥಾ ಹುಂಬ!' ಎಂದು ಹೊಟ್ಟೆ ಹಿಡಿದುಕೊಂಡು ನಕ್ಕೆ.

'ಎಲ್ಲಾ ಗಂಡಸರೂ ಹಂಗ,' ಎಂದಳು ಶೈಲಾ ರಸ್ತೆ ನೋಡುತ್ತ. 'ನಿಮ್ಮದೂ ಒಂದದ. ನನಗ ಗೊತ್ತದ.'

'ಯಾವುದು?'

ಅವಳು ಲೇನ್ ಬದಲಾಯಿಸಿದಳು. ಎಕ್ಸಿಟ್ ಮೇಲೆ ಎಕ್ಸಿಟ್ ಹೋದವು. ನನ್ನ ಸುಳ್ಳುಗಳನ್ನು ಒಂದೊಂದಾಗಿ ತೆಗೆದು ನೋಡಿದೆ. ದೊಡ್ಡದು ಒಂದೇ ಇತ್ತು. ಕಲಮಜೂ ಊರು ದಾಟುವಷ್ಟರಲ್ಲಿ ತಡೆಯಲಾಗಲಿಲ್ಲ.

'ಬೂದಿಹಾಳ ಬುವಾ ಅವರದು ಏನು?' ಎಂದೆ.

ನನ್ನ ಅಡ್ಡಹೆಸರು ಬೂದಿಹಾಳ. ಕನ್ಯೆ ನೋಡಲು ಹೋದ ದಿನ, ಸಂಗೀತದ ಹುಚ್ಚಿದ್ದ ನನ್ನ ಮಾವ, ಆ ಕಾಲದ ದೊಡ್ಡ ಗವಾಯಿ ಬೂದಿಹಾಳ ಬುವಾ ನಿಮ್ಮ ಪೈಕಿಯೇನು ಎಂದು ವಿಚಾರಿಸಿದ್ದರು. ನನ್ನ ಕೈಯಲ್ಲಿ ಚುರುಮುರಿ ಸೂಸಲದ ತಟ್ಟೆ, ಬಾಗಿಲಲ್ಲಿ ಶೈಲಾ. ದೊಡ್ಡಪ್ಪ ಆಗಬೇಕು ಎಂದೆ. ಅಲ್ಲೇ ತಾಂಬೂಲ ಬದಲಾಯಿತು. ಬೂದಿಹಾಳ ಅನ್ನುವುದು ಒಂದು ಊರು. ಆ ಊರಿಂದ ಹೊರಬಿದ್ದವರೆಲ್ಲ ಬೂದಿಹಾಳರೇ.

ಶೈಲಾ ಕಾರನ್ನು ನಿಧಾನ ಮಾಡಿದಳು. ಹಿಂದಿನ ಟ್ರಕ್ಕಿನವನು ಹಾರ್ನ್ ಹೊಡೆದ.

'ನಾ ಹೇಳಿದ್ದು ನೀವು ಗ್ಯಾರೇಜಿನ ಫ್ರಿಜ್‌ನಾಗ ಮುಚ್ಚಿಟ್ಟು ತಿನ್ನೋ ಪೇಡೇದ ಸುದ್ದಿ,' ಎಂದಳು. ಆಮೇಲೆ, 'ಬುವಾ ನಿಮ್ಮ ದೊಡ್ಡಪ್ಪ ಅಲ್ಲೇನು? ಅವರು ಹೋದಾಗ ನಾ ಹತ್ತು ದಿನ ದೇವರ ಮುಂದ ದೀಪಾ ಹಚ್ಚಿದ್ದಿಲ್ಲಲ್ರೀ!'

ನೋವೈಗೆ ಇನ್ನೂ ನೂರು ಮೈಲಿ ಇತ್ತು.