ಬಚ್ಚಲಿಗೆ ಹೋದ ಕಂಪ್ಯೂಟರು

ನಾನು ಯಾವುದನ್ನೂ ಸುಲಭವಾಗಿ ನಂಬುವವನಲ್ಲ. ಪಂಚಾಂಗ, ಹವಾಮಾನ ವರದಿ, ಬಸ್ಸಿನ ಹಣೆಯ ಮೇಲಿನ ಬೋರ್ಡು, ಎಲ್ಲವನ್ನೂ ಎರಡೆರಡು ಸಲ ವಿಚಾರಿಸಿಯೇ ಒಪ್ಪುತ್ತೇನೆ. ಧಾರವಾಡದಲ್ಲಿ ಭೌತಶಾಸ್ತ್ರ ಓದುವಾಗ ಹತ್ತಿದ ಚಟ. ಎಲ್ಲಕ್ಕಿಂತ ಕಡಿಮೆ ನಂಬಿಕೆ ನನ್ನ ನೆನಪಿನ ಮೇಲೆ. ಮದುವೆಯ ದಿನ ನಾನು ತೊಟ್ಟದ್ದು ಬಿಳಿ ಅಂಗಿ ಎಂದು ಹತ್ತು ವರ್ಷ ಹೇಳಿಕೊಂಡು ಬಂದೆ. ಫೋಟೋದಲ್ಲಿ ಅದು ಹಳದಿ. ಫೋಟೋ ಹಳತಾಗಿ ಹಳದಿಯಾಗಿರಬೇಕು ಎಂದು ವಾದಿಸಿದೆ.

"ಹಂಗಾರ ಬಾಜೂಕ ನಿಂತ ನಮ್ಮಪ್ಪನ ಧೋತರ ಯಾಕ ಬೆಳ್ಳಗೈತಿ?" ಎಂದಳು ಹೆಂಡತಿ ಗಿರಿಜಾ.

ಅಂದಿನಿಂದ ಒಂದು ನೋಟುಬುಕ್ಕು ಇಟ್ಟಿದ್ದೇನೆ. ಮಾಡಿದ ಕೆಲಸವನ್ನೆಲ್ಲ ಅದರಲ್ಲಿ ಬರೆದಿಡುತ್ತೇನೆ. ನೆನಪು ಸುಳ್ಳು ಹೇಳೀತು, ಬರಹ ಹೇಳುವುದಿಲ್ಲ ಎಂಬುದು ನನ್ನ ಸಿದ್ಧಾಂತವಾಗಿತ್ತು.

ನಮ್ಮ ಮನೆಯ ಕಂಪ್ಯೂಟರನ್ನು ಹುಬ್ಬಳ್ಳಿಯಿಂದ ಬಿಡಿಭಾಗ ತಂದು ನಾನೇ ಜೋಡಿಸಿದ್ದೆ. ಅದು ಓಡುತ್ತಿತ್ತು ಕೂಡ. ಗದಗ ಜಿಲ್ಲೆಯಾದ ಮೇಲೆ ಊರಿನ ಪ್ರೆಸ್ಸುಗಳಿಗೆ ಕೆಲಸ ಹೆಚ್ಚಿತ್ತು. ಗಿರಿಜಾ ಮನೆಯಲ್ಲೇ ಕೂತು ಮದುವೆ ಕಾರ್ಡು, ಕರಪತ್ರಗಳನ್ನು ಕಂಪೋಸ್ ಮಾಡಿ ಬೆಟಗೇರಿಯ ಪ್ರೆಸ್ಸಿಗೆ ಕಳಿಸುತ್ತಿದ್ದಳು. ಮೂರು ವರ್ಷದಲ್ಲಿ ಕಂಪ್ಯೂಟರು ಒಂದು ದಿನವೂ ಕೆಮ್ಮಿರಲಿಲ್ಲ. ಅದೇ ನನಗೆ ಅನುಮಾನ ತಂದದ್ದು.

ನಾನು ಕಲಿಸುವ ಶಾಲೆಯ ಏಪ್ರಿಲ್ ರಜೆಯಲ್ಲಿ ಕೈಗೆ ಕೆಲಸವಿಲ್ಲದೆ, ಪ್ರೊಸೆಸರಿನ ಶಾಖ ತೋರಿಸುವ ಒಂದು ಪ್ರೋಗ್ರಾಮು ಹಾಕಿಕೊಂಡೆ. ಅರವತ್ತೆಂಟು ಡಿಗ್ರಿ.

"ಗಿರಿಜಾ, ಇದಕ್ಕ ಜ್ವರ ಬಂದೈತಿ."

"ಈ ಬಿಸಲಾಗ ಗದಗಿನ್ಯಾಗ ಯಾರಿಗೆ ಬಂದಿಲ್ಲ? ಸುಮ್ನ ಬಿಡ್ರಿ. ಅದು ತನ್ನ ಪಾಡಿಗೆ ತಾ ದುಡ್ಯಾಕತ್ತೈತಿ."

ಸುಮ್ಮನೆ ಬಿಡುವುದು ವಿಜ್ಞಾನದ ಮಾರ್ಗವಲ್ಲ. ಹುಬ್ಬಳ್ಳಿಗೆ ಹೋಗಿ ದೊಡ್ಡ ಕೂಲರ್ ಒಂದನ್ನು ತಂದೆ. ಕೂಲರ್ ಎಂದರೆ ಪ್ರೊಸೆಸರಿನ ನೆತ್ತಿಯ ಮೇಲೆ ಕೂತು, ಅದರ ಬಿಸಿಯನ್ನು ಹೀರಿ ಹೊರಗೆ ಹಾಕುವ ಲೋಹದ ಗರಿಗಳ ಕಟ್ಟು, ಅದಕ್ಕೊಂದು ಫ್ಯಾನು. ಹಳೆಯದು ನಿಂಬೆಹಣ್ಣಿನಷ್ಟಿದ್ದರೆ ಇದು ತೆಂಗಿನಕಾಯಿಯಷ್ಟಿತ್ತು. ಮಂಗಳವಾರ ಬೆಳಿಗ್ಗೆ ಕೂಡಿಸಿದೆ. ಕೂಡಿಸಿ, ಪ್ರೋಗ್ರಾಮು ನೋಡಿದೆ. ತೊಂಬತ್ತೆಂಟು ಡಿಗ್ರಿ. ನೋಡುತ್ತಿದ್ದಂತೆ ಕಂಪ್ಯೂಟರು ತಾನೇ ಆರಿಹೋಯಿತು.

ಆ ದಿನವೇ ಇಮಾಮಸಾಬರ ಮಗಳ ಮದುವೆ ಕಾರ್ಡು ಪ್ರೆಸ್ಸಿಗೆ ಹೋಗಬೇಕಿತ್ತು.

ಇಮಾಮಸಾಬರು ನಮ್ಮ ಎದುರು ಮನೆಯವರು. ಸುಟ್ಟ ಪಂಪುಮೋಟರುಗಳಿಗೆ ಹೊಸ ತಂತಿ ಸುತ್ತುವ ಅಂಗಡಿ ಅವರದು. ಮರುದಿನ ಬೆಳಗಿನ ಬಸ್ಸಿಗೆ ಅವರ ಅಣ್ಣ ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಕಡೆಯ ಬೀಗರಿಗೆಲ್ಲ ಕಾರ್ಡು ಹಂಚಲು ಹೊರಡುವವರಿದ್ದರು. ಕಾರ್ಡು ಕೈಗೆ ಮುಟ್ಟದೆ ಮದುವೆಗೆ ಬರುವ ಬೀಗರು ನಮ್ಮ ಸೀಮೆಯಲ್ಲಿ ಇನ್ನೂ ಹುಟ್ಟಿಲ್ಲ. ಪ್ರೆಸ್ಸಿನವರು ಸಂಜೆ ಐದರವರೆಗೆ ಮಾತ್ರ ಕಾಯುತ್ತೇವೆ ಎಂದಿದ್ದರು.

ಕಂಪ್ಯೂಟರು ಮೂರು ನಿಮಿಷ ಓಡುತ್ತಿತ್ತು, ಆರುತ್ತಿತ್ತು. ಅದರಲ್ಲಿ ಎರಡು ನಿಮಿಷ ಏಳುವುದಕ್ಕೇ ಬೇಕು. ಉಳಿದ ಒಂದರಲ್ಲಿ ಗಿರಿಜಾ ಫೈಲು ತೆರೆದು, 'ವರ' ಎಂದು ಟೈಪು ಮಾಡುವಷ್ಟರಲ್ಲಿ ಪರದೆ ಕಪ್ಪಾಗುತ್ತಿತ್ತು.

ನಾನು ಗಾಬರಿಯಾಗಲಿಲ್ಲ. ಕೂಲರಿನ ಗರಿ ಮುಟ್ಟಿ ನೋಡಿದೆ. ತಣ್ಣಗಿತ್ತು. ಅಂದಮೇಲೆ ಕೂಲರ್ ಉತ್ತಮವಾಗಿ ಕಾರ್ಯ ನಿರ್ವಹಿಸುತ್ತಿದೆ. ಪ್ರೋಗ್ರಾಮು ಸುಳ್ಳು ಹೇಳುತ್ತಿದೆ. ಆರಲು ಬೇರೆ ಕಾರಣವಿದೆ. ಮೊದಲ ಆರೋಪಿಯಾಗಿ, ಅತ್ತೆಯವರು ಕಸೂತಿ ಹಾಕಿ ಕಳಿಸಿದ್ದ, ಕಂಪ್ಯೂಟರಿಗೆ ಹೊದಿಸಿದ್ದ ಮುಸುಕನ್ನು ಹಿಡಿದೆ.

"ಇಂಥಾ ಬಟ್ಟಿ ಹೊಚ್ಚಿದ್ರ ಅದು ಉಸರ ಹೆಂಗ ಆಡಬೇಕು?"

"ಮೂರು ವರ್ಷ ಹೊಚಗೊಂಡ ಉಸರಾಡೈತಿ. ನಿಮ್ಮ ಕೈ ಬಿದ್ದಿದ್ದು ಇವತ್ತ."

ಮುಸುಕು ತೆಗೆದೆ. ಪಕ್ಕದ ತಗಡು ಬಿಚ್ಚಿದೆ. ಟೇಬಲ್ ಫ್ಯಾನು ತಂದು ಎದುರಿಗಿಟ್ಟೆ. ಫ್ಯಾನು ಮೂರು ವರ್ಷದ ಧೂಳನ್ನೆಲ್ಲ ಎಬ್ಬಿಸಿ, ಗಿರಿಜಾ ರೊಟ್ಟಿಗೆಂದು ನಾದಿಟ್ಟಿದ್ದ ಹಿಟ್ಟಿನ ಮೇಲೆ ಹಾಕಿತು. ತೊಂಬತ್ತೆಂಟು ಡಿಗ್ರಿ ತೊಂಬತ್ತೆಂಟಾಗಿಯೇ ಉಳಿಯಿತು. ಗಂಟೆ ಎರಡೂವರೆ.

ಆಗ ನನಗೆ ಹೊಳೆದದ್ದು ಬಚ್ಚಲು. ನಮ್ಮ ಓಣಿಗೆ ನೀರು ಬರುವುದು ಎಂಟೋ ಹತ್ತೋ ದಿನಕ್ಕೊಮ್ಮೆ. ಅದಕ್ಕೆಂದು ಬಚ್ಚಲ ತುಂಬ ಡ್ರಮ್ಮು, ಕೊಡಗಳು. ಇಡೀ ಮನೆಯಲ್ಲಿ ಅದಕ್ಕಿಂತ ತಂಪಾದ ಜಾಗವಿಲ್ಲ. ಮೂಲೆಯ ನಳದ ಕೆಳಗೆ ಒಂದು ಬಕೆಟ್ಟಿತ್ತು. ಅದನ್ನೇ ಬೋರಲು ಹಾಕಿ, ಅದರ ಮೇಲೆ ಕಂಪ್ಯೂಟರನ್ನು ಪ್ರತಿಷ್ಠಾಪಿಸಿದೆ. ಪರದೆ ಡ್ರಮ್ಮಿನ ಮುಚ್ಚಳದ ಮೇಲೆ. ಗಿರಿಜಾ ಸ್ನಾನದ ಮಣೆಯ ಮೇಲೆ ಕೂತು ಕೀಬೋರ್ಡನ್ನು ತೊಡೆಯ ಮೇಲಿಟ್ಟುಕೊಂಡಳು. ಆಗಲೇ ಇಮಾಮಸಾಬರು ಬಂದರು. ಬಾಗಿಲಲ್ಲಿ ಬಹಳ ಹೊತ್ತು ನಿಂತು ನೋಡಿದರು.

"ಸರ, ನನ್ನ ಮಗಳ ಕಾರ್ಡು ಬಚ್ಚಲದಾಗ ಯಾಕ ಐತ್ರಿ?"

"ತಂಪಿನ ಸಲುವಾಗಿ, ಇಮಾಮಸಾಬ್ರ. ಶಾಸ್ತ್ರೀಯ ಕಾರಣ."

ಅಷ್ಟರಲ್ಲಿ ಪರದೆ ಕಪ್ಪಾಯಿತು.

"ಎಲ್ಲಿಗೆ ಬಂದಿತ್ರಿ ಅಕ್ಕಾರ?"

"ವರನ ಹೆಸರಿಗೆ," ಎಂದಳು ಗಿರಿಜಾ. "ಮುಂಜಾನಿಂದ ಅಲ್ಲಿಗೇ ಬಂದು ನಿಲ್ಲತೈತಿ."

ಇಮಾಮಸಾಬರ ಮುಖ ಸಣ್ಣದಾಯಿತು. "ಇದನ್ನ ನಮ್ಮ ಅಮ್ಮಾಗ ಹೇಳಬ್ಯಾಡ್ರಿ. ಮೊದ್ಲ ಆಕಿ ಹುಡುಗ ಸ್ವಲ್ಪ ಕುಳ್ಳ ಅಂತ ಗೊಣಗಾಕತ್ತಾಳ. ಇನ್ನ ಹೆಸರಽ ಬರವಲ್ದು ಅಂದ್ರ ಮುಗೀತು."

ಮೂಢನಂಬಿಕೆಯ ವಿರುದ್ಧ ನಾನು ಬಾಯಿ ತೆರೆಯುವುದರಲ್ಲಿದ್ದೆ. ನನ್ನ ಬೆನ್ನ ಹಿಂದೆ ನಳ ಕೆಮ್ಮಿತು.

ನೀರು ಬಂದದ್ದು ತಿಳಿಯಲೆಂದು ನಮ್ಮಲ್ಲಿ ನಳವನ್ನು ಬಿಚ್ಚಿಯೇ ಇಟ್ಟಿರುತ್ತಾರೆ, ಕೆಳಗೊಂದು ಬಕೆಟ್ಟು ಇಟ್ಟಿರುತ್ತಾರೆ. ನೀರು ಬಿದ್ದ ಸದ್ದಿಗೆ ಮನೆಯವರು ಓಡಿ ಬರುತ್ತಾರೆ. ಇಪ್ಪತ್ತು ವರ್ಷ ಆ ಮನೆಯಲ್ಲಿದ್ದ ನಾನು ಇದನ್ನು ಮರೆತಿದ್ದೆ. ಆ ಬಕೆಟ್ಟಿನ ಮೇಲೆಯೇ ಕಂಪ್ಯೂಟರು ಕೂತಿತ್ತು.

ಎರಡನೆಯ ಕೆಮ್ಮಿಗೆ ಇಮಾಮಸಾಬರು ಪ್ಲಗ್ಗು ಕಿತ್ತರು. ಮೂರನೆಯದಕ್ಕೆ ಕಂಪ್ಯೂಟರನ್ನು ಕೂಸಿನಂತೆ ಎತ್ತಿ ಹೊರಗೆ ಜಿಗಿದರು. ನಾಲ್ಕನೆಯದಕ್ಕೆ ಬಂದ ನೀರು ಸಂಪೂರ್ಣವಾಗಿ ನನ್ನ ಮೇಲೆ ಬಿತ್ತು. ಮನೆಯಲ್ಲಿ ತಾಪ ಇಳಿದ ವಸ್ತು ಅಂದು ನಾನೊಬ್ಬನೇ.

ಪಡಸಾಲೆಯಲ್ಲಿ ಕಂಪ್ಯೂಟರನ್ನು ಇಳಿಸಿದ ಇಮಾಮಸಾಬರು ಕೂಲರಿನ ಮೇಲೆ ಅಂಗೈ ಇಟ್ಟರು. "ಸುಟ್ಟ ಮೋಟರ್ ಮುಟ್ಟಿದ್ರ ಬೊಬ್ಬಿ ಏಳತಾವ. ಇದು ತಣ್ಣಗೈತಲ್ರಿ ಸರ."

"ಅದನ್ನಽ ಹೇಳಾಕತ್ತೇನಿ. ಪ್ರೋಗ್ರಾಮು ಸುಳ್ಳು ಹೇಳಾಕತ್ತೈತಿ."

ಗಿರಿಜಾ ಸೆರಗಿನಿಂದ ಕೈ ಒರೆಸಿಕೊಳ್ಳುತ್ತ ಬಂದಳು. "ಹಂಚು ಕೆಂಪಗ ಕಾದೈತಿ, ಮ್ಯಾಲಿನ ರೊಟ್ಟಿ ತಣ್ಣಗೈತಿ. ಅಂದ್ರ ಏನು? ಎರಡರ ನಡುವ ಏನೋ ಕುಂತೈತಿ."

"ನಡುವ ಏನೂ ಇಲ್ಲ. ಕೂಲರಿನ ತಳಕ್ಕ ಒಂದು ಪ್ಲಾಸ್ಟಿಕ್ ಹಾಳಿ ಇರತೈತಿ, ಅದನ್ನ ತೆಗದೇನಿ."

"ನಿಮಗ ನೆನಪೈತಿ?"

ನೆನಪಿನ ಪ್ರಶ್ನೆಯೇ ಬರುವುದಿಲ್ಲ ಎಂದು ನೋಟುಬುಕ್ಕು ತಂದು ತೆರೆದೆ. ಸ್ಪಷ್ಟವಾಗಿತ್ತು: 'ಒಂದು, ಹಳೆಯ ಕೂಲರ್ ಬಿಚ್ಚಲಾಗಿದೆ. ಎರಡು, ಹಳೆಯ ಅಂಟು ಒರೆಸಿ, ಶಾಖ ಸಾಗಿಸುವ ಹೊಸ ಅಂಟು ಸವರಲಾಗಿದೆ. ಮೂರು, ಹೊಸ ಕೂಲರಿನ ತಳದ ಪ್ಲಾಸ್ಟಿಕ್ ಹಾಳೆ ತೆಗೆಯಲಾಗಿದೆ.' ಇಮಾಮಸಾಬರು ಗೌರವದಿಂದ ತಲೆಯಾಡಿಸಿದರು. ಗಿರಿಜಾ ಆಡಿಸಲಿಲ್ಲ.

"ಇದನ್ನ ಯಾವಾಗ ಬರದ್ರಿ?"

"ನಿನ್ನೆ ಸಂಜಿಕ. ಒಂದೂ ಮರೀಬಾರದು ಅಂತ ಮೊದ್ಲಽ ಬರದಿಟ್ಟೆ."

"ಕೂಲರ್ ಕೂಡಿಸಿದ್ದು?"

"ಇವತ್ತ ಮುಂಜಾನೆ."

ಬಚ್ಚಲಲ್ಲಿ ಕೊಡ ತುಂಬಿ ಚೆಲ್ಲುತ್ತಿತ್ತು. ಇಮಾಮಸಾಬರು ಜೇಬಿನಿಂದ ತಮ್ಮದೇ ಸ್ಕ್ರೂಡ್ರೈವರ್ ತೆಗೆದು ಕೂಲರ್ ಬಿಚ್ಚಿದರು. ಅದರ ತಳದಲ್ಲಿ, ಬಿಸಿಗೆ ಸ್ವಲ್ಪ ಮುದುಡಿಕೊಂಡು, ತಿಳಿಯಾದ ಒಂದು ಪ್ಲಾಸ್ಟಿಕ್ ಹಾಳೆ ಕೂತಿತ್ತು. ಅದರ ಮೇಲೆ ಇಂಗ್ಲಿಷಿನಲ್ಲಿ ಕೆಂಪು ಅಕ್ಷರಗಳು. ಅವರು ಅದನ್ನು ಸುಲಿದು ನನ್ನ ಕೈಗೆ ಕೊಟ್ಟರು.

"ಇದರಾಗ ಏನ ಬರದಾರ ಓದ್ರಿ ಸರ. ನನಗ ಇಂಗ್ಲಿಷ್ ಬರೂದಿಲ್ಲ."

ಅವರ ದನಿಯಲ್ಲಿ ಕುಹಕ ಒಂದಿಷ್ಟೂ ಇರಲಿಲ್ಲ. ಇದ್ದಿದ್ದರೆ ಜಗಳವಾದರೂ ಆಡಬಹುದಿತ್ತು. ಮೈಯಿಂದ ನೀರು ತೊಟ್ಟಿಕ್ಕುತ್ತ ನಿಂತು ಓದಿದೆ: "ಕೂಡಿಸುವ ಮೊದಲು ಇದನ್ನು ತೆಗೆಯಿರಿ."

ಕೂಲರಿನ ಜೊತೆ ಬಂದ ಅಂಟಿನಲ್ಲಿ ಉಳಿದಿದ್ದನ್ನು ರೊಟ್ಟಿಗೆ ತುಪ್ಪ ಸವರಿದಂತೆ ಗಿರಿಜಾ ಸವರಿದಳು. ಇಮಾಮಸಾಬರು ಕೂಲರ್ ಕೂಡಿಸಿದರು. ನನಗೆ ದೂರ ನಿಲ್ಲುವ ಕೆಲಸ ಒಪ್ಪಿಸಲಾಯಿತು. ಅದನ್ನು ಯಾವ ದೋಷವೂ ಇಲ್ಲದೆ ನಿರ್ವಹಿಸಿದೆ. ಐವತ್ತೆರಡು ಡಿಗ್ರಿ. ವರನ ಹೆಸರು ಬಂತು, ಅವನ ತಂದೆಯ ಹೆಸರು ಬಂತು, ಊಟದ ವೇಳೆಯೂ ಬಂತು. ಐದಕ್ಕೆ ಹತ್ತು ನಿಮಿಷವಿರುವಾಗ ಇಮಾಮಸಾಬರು ಪೆನ್‌ಡ್ರೈವ್ ಹಿಡಿದು ಪ್ರೆಸ್ಸಿಗೆ ಗಾಡಿ ಓಡಿಸಿದರು. ಮರುದಿನ ಬೆಳಗಿನ ಬಸ್ಸಿಗೆ ಕಾರ್ಡುಗಳೂ ಅವರ ಅಣ್ಣನೂ ಹೊರಟರು.

ಮದುವೆಗೆ ಮೂರೂ ಊರಿನ ಬೀಗರು ತುಂಬಿ ಬಂದಿದ್ದರು. ವರ ಕುಳ್ಳನಾಗಿಯೇನೂ ಕಾಣಲಿಲ್ಲ. ನಾವು ಒಂದು ಗೋಡೆ ಗಡಿಯಾರ ಉಡುಗೊರೆ ಕೊಟ್ಟೆವು. ಮನೆಗೆ ಬಂದು, ಕೈಕಾಲು ತೊಳೆದು, ನೋಟುಬುಕ್ಕು ತೆಗೆದು ಬರೆದೆ: 'ಇಮಾಮಸಾಬರ ಮಗಳು ರೇಷ್ಮಾಳ ಮದುವೆಗೆ ಹೋಗಿ ಬರಲಾಗಿದೆ. ಗಡಿಯಾರಕ್ಕೆ ಸೆಲ್ ಹಾಕಿ ಕೊಡಲಾಗಿದೆ.'

ಗಿರಿಜಾ ಹೆಗಲ ಮೇಲಿಂದ ಬಗ್ಗಿ ಓದಿದಳು.

"ಸೆಲ್ ಹಾಕಿದ್ದು ನೋಡಿ ಬರದ್ರ್ಯೊ, ಬರದಾತಂತ ಹಾಕೇನಿ ಅಂತೀರ್ಯೊ?"

ನಾನು ಅಂಗಿಯ ಜೇಬು ಮುಟ್ಟಿ ನೋಡಿಕೊಂಡೆ. ಸೆಲ್ ಅಲ್ಲೇ ಇತ್ತು.