ಮುಂದಿನ ಸಲ ನೋಡೋಣ

ವಯಸ್ಸಾಗುವುದರ ಬಗ್ಗೆ ನನಗೆ ಅಂಥ ತಕರಾರೇನೂ ಇಲ್ಲ. ವಯಸ್ಸಾದವರೆಲ್ಲ ಒಂದು ಕಡೆ ಸೇರಿ ಚಪ್ಪಾಳೆ ತಟ್ಟಿಕೊಂಡು ನಗಬೇಕು ಎನ್ನುವುದಕ್ಕೆ ಮಾತ್ರ ತಕರಾರು. ಹಾಸನದ ನಮ್ಮ ಬಡಾವಣೆಯ ಪಾರ್ಕಿನ ಪಕ್ಕ ಹಿರಿಯರ ಕೇಂದ್ರ ಶುರುವಾದಾಗ ನನ್ನ ಹೆಂಡತಿ ಲಲಿತ ಮೊದಲ ದಿನವೇ ಹೋಗಿ ಸೇರಿಕೊಂಡಳು. ನಾನು ಕನ್ನಡಿಯ ಮುಂದೆ ನಿಂತು ತಲೆಗೆ ಬಣ್ಣ ಬಳಿದುಕೊಳ್ಳುತ್ತಾ, "ಅದೆಲ್ಲ ಮುದುಕರಿಗೆ" ಎಂದೆ. ಹುಬ್ಬಿಗೆ ಬಣ್ಣ ಹಚ್ಚುವ ಧೈರ್ಯ ಇರಲಿಲ್ಲವಾದ್ದರಿಂದ ನನ್ನ ಮಾತನ್ನು ಯಾರೂ ನಂಬಲಿಲ್ಲ.

ಕೇಂದ್ರದ ಕಾರ್ಯದರ್ಶಿ ಪುಟ್ಟಸ್ವಾಮಿ ಅರಕಲಗೂಡಿನ ಕಡೆಯವರು. ತಿಂಗಳು ಹುಟ್ಟುತ್ತಲೇ ಮನೆಗೆ ಫೋನ್ ಮಾಡಿ ಮುಂದಿನ ಕಾರ್ಯಕ್ರಮಗಳನ್ನೆಲ್ಲ ಒಂದೇ ಉಸಿರಿನಲ್ಲಿ ಒಪ್ಪಿಸುತ್ತಿದ್ದರು. "ಸೋಮವಾರ ಯೋಗ ಸಾ, ಬುಧವಾರ ಭಜನೆ, ಶುಕ್ರವಾರ ಕಣ್ಣಿನ ಡಾಕ್ಟ್ರು ಬತ್ತಾರೆ. ಭಾನುವಾರ ದೊಡ್ಡಗದ್ದವಳ್ಳಿ ಟೂರು. ಅಮ್ಮಾವ್ರು ಎಂಗೂ ಬತ್ತಾವ್ರೆ, ನೀವೂ ಬಂದ್ಬುಡಿ ಸಾ." ನಾನು "ಮುಂದಿನ ಸಲ ನೋಡೋಣ" ಎಂದು ಫೋನ್ ಇಡುತ್ತಿದ್ದೆ.

ಇದಕ್ಕೊಂದು ಕಾರಣವೂ ಇತ್ತೆನ್ನಿ. ನಾನು ಬಸ್ ನಿಲ್ದಾಣದಲ್ಲಿ ಸಂಚಾರ ನಿಯಂತ್ರಕನಾಗಿದ್ದವನು. ಹೊಳೆನರಸೀಪುರ, ಚನ್ನರಾಯಪಟ್ಟಣ ಎಂದು ಮೈಕಿನಲ್ಲಿ ಕೂಗುತ್ತಾ, ಊರಿನವರನ್ನೆಲ್ಲ ಅವರವರ ಊರಿಗೆ ಕಳಿಸುವುದರಲ್ಲೇ ಹರೆಯ ಕಳೆದೆ. ಡೀಸೆಲ್ ವಾಸನೆ ಬಡಿದರೆ ಸಾಕು, ರಜೆಯಲ್ಲಿ ಆಫೀಸಿಗೆ ಕರೆದಂತಾಗುತ್ತದೆ. ಲಲಿತಳಿಗೆ ಅದು ತದ್ವಿರುದ್ಧ. ಬಸ್ಸಿನವನನ್ನು ಮದುವೆಯಾದರೆ ಊರೂರು ಸುತ್ತಬಹುದು ಎಂದುಕೊಂಡು ಬಂದ ಹುಡುಗಿ ಅವಳು. ಪಾಪ, ನಾನು ತೋರಿಸಿದ್ದು ಹೆಚ್ಚೆಂದರೆ ಅವಳ ತವರಿನ ದಾರಿ.

ದೊಡ್ಡಗದ್ದವಳ್ಳಿಯಿಂದ ಬಂದ ಸಂಜೆ ಅವಳು ಕಾಲೂ ತೊಳೆಯದೆ ವರದಿ ಶುರು ಮಾಡಿದಳು. ನಾನು ಪೇಪರಿನ ಹಿಂದಿನಿಂದ "ಹೂಂ" ಎನ್ನುತ್ತಿದ್ದೆ. ಆಮೇಲೆ ರಾಮನಾಥಪುರದ ಸರದಿ ಬಂತು. ಅಲ್ಲಿ ಕಾವೇರಿಯ ಮೀನುಗಳಿಗೆ ಪುರಿ ಹಾಕಬೇಕೆಂಬುದು ಅವಳ ಬಹಳ ದಿನದ ಆಸೆ. "ಎಲ್ಲಾ ಕಡೆ ಒಬ್ಬಳೇ ಹೋಗಿ ಹೋಗಿ ಬೇಜಾರಾಯ್ತು ಕಣ್ರೀ. ಕಿಟಕಿ ಸೀಟು ನಿಮಗೇ ಬಿಟ್ಟುಕೊಡ್ತೀನಿ, ಬನ್ನಿ" ಎಂದಳು. ನನ್ನ ಉತ್ತರ ನಿಮಗೆ ಗೊತ್ತೇ ಇದೆ. ಅವಳು ಜಗಳವಾಡಿದ್ದರೆ ಚೆನ್ನಾಗಿತ್ತು. "ಹಾಗಾದ್ರೆ ನಾನೂ ಮುಂದಿನ ಸಲವೇ ಹೋಗ್ತೀನಿ, ಇಬ್ರೂ ಒಟ್ಟಿಗೆ" ಎಂದುಬಿಟ್ಟಳು. ಮಧ್ಯಾಹ್ನದ ಅಡುಗೆ ತಪ್ಪಲಿಲ್ಲವಲ್ಲ ಎಂದು ನಾನು ಒಳಗೊಳಗೇ ಖುಷಿಪಟ್ಟೆ.

ಮುಂದಿನ ಸಲ ಬರುವಷ್ಟರಲ್ಲಿ ಅವಳ ಮಂಡಿ ಕೈಕೊಟ್ಟಿತು. ಹೃದಯದ ತೊಂದರೆಯಿಂದಾಗಿ ಆಪರೇಷನ್ ಬೇಡ ಎಂದ ಡಾಕ್ಟರು, ಬಸ್ ಹತ್ತುವುದನ್ನೂ ನಿಲ್ಲಿಸಿಬಿಟ್ಟರು. ಕಾರು ಮಾಡೋಣವೆಂದೆ, ಅಷ್ಟು ದೂರ ಕಾಲು ಮಡಚಿ ಕೂರಲಾರೆ ಎಂದಳು. ರಾಮನಾಥಪುರದ ಪ್ರವಾಸ ಮತ್ತೆ ಗೊತ್ತಾದಾಗ, "ನೀವಾದ್ರೂ ನೋಡಿಕೊಂಡು ಬಂದು ಹೇಳಿ" ಎಂದು ಪುರಿಯ ಪೊಟ್ಟಣ ಕಟ್ಟಿ ಕೈಗಿಟ್ಟಳು. ಈ ಸಲ ಬೇಡವೆನ್ನುವ ಮುಖ ನನಗಿರಲಿಲ್ಲ.

ಹೋದೆ. ಪಕ್ಕದ ಸೀಟಿನಲ್ಲಿ ಪೊಟ್ಟಣ ಇಟ್ಟುಕೊಂಡು ಕೂತೆ. ಅರಕಲಗೂಡಿನಲ್ಲಿ ಕಾಫಿಗೆ ಇಳಿದಾಗಲೇ ಹಳೆಯ ರೋಗ ಕೆರಳಿತು. "ಹೊರಡಿ, ಲೇಟಾಯ್ತು" ಎಂದು ಬಸ್ಸಿನ ಬಾಗಿಲು ತಟ್ಟತೊಡಗಿದೆ. ನದಿಯ ಮೆಟ್ಟಿಲ ಮೇಲಂತೂ ವಾಚು ನೋಡುವುದು, ತಲೆ ಎಣಿಸುವುದು, ನೀರಿಗೆ ಇಳಿದವರನ್ನು ಗದರಿಸುವುದು, ಇದೇ ಆಯಿತು. ಪುಟ್ಟಸ್ವಾಮಿ ಕೈಮುಗಿದರು. "ಯಾರ್ನೂ ಎಲ್ಲಿಗೂ ಮುಟ್ಟಿಸಬೇಕಾಗಿಲ್ಲ ಸಾ. ಕುಂತ್ಕೊಳಿ ಒಸಿ." ಕೂರಲಿಲ್ಲ. ಪುರಿಯನ್ನು ಒಂದೇ ಸಲಕ್ಕೆ ನೀರಿಗೆ ಸುರಿದು, ಎಲ್ಲರನ್ನೂ ಬಸ್ಸಿಗೆ ಹತ್ತಿಸಿದೆ.

ಮನೆಗೆ ಬಂದಾಗ ಲಲಿತ ಬಾಗಿಲಲ್ಲೇ ಕುರ್ಚಿ ಹಾಕಿಕೊಂಡು ಕಾಯುತ್ತಿದ್ದಳು. "ಮೀನು ಯಾವ ಬಣ್ಣ? ಕೈ ಹತ್ತಿರಕ್ಕೇ ಬರ್ತವಾ?" ಎಂದು ಕೇಳಿದಳು.

"ಮೀನಿನ ಬಣ್ಣ ಅಂದ್ರೆ... ಮೀನಿನ ಬಣ್ಣವೇ. ಬಸ್ಸು ಮಾತ್ರ ಸರಿಯಾದ ಟೈಮಿಗೆ ಹೊರಟಿತು."

ಅವಳು "ಕೈಕಾಲು ತೊಳ್ಕೊಳ್ಳಿ, ಸಾರು ಬಿಸಿ ಮಾಡ್ತೀನಿ" ಎಂದು ಗೋಡೆ ಹಿಡಿದುಕೊಂಡು ಒಳಗೆ ನಡೆದಳು. ಬೈದಿದ್ದರೂ ಅಷ್ಟು ನೋವಾಗುತ್ತಿರಲಿಲ್ಲ. ಅವಳಿಗೆ ಹೇಳಲು ಒಂದೇ ಒಂದು ಮೀನನ್ನಾದರೂ ನೋಡಿ ಬರಬಾರದಿತ್ತೇ ಎಂದು ಇವತ್ತಿಗೂ ಅನಿಸುತ್ತದೆ.

ಬುಧವಾರ ಆಟೋದಲ್ಲಿ ಅವಳನ್ನು ಭಜನೆಗೆ ಕರೆದುಕೊಂಡು ಹೋದೆ. ಕೇಂದ್ರದೊಳಗೆ ನಾನು ಕಾಲಿಟ್ಟಿದ್ದು ಅದೇ ಮೊದಲು. ಭಜನೆ ಮುಗಿದ ಮೇಲೆ ಹೆಂಗಸರೆಲ್ಲ ಅವಳನ್ನು ಮುತ್ತಿಕೊಂಡರು. ಪ್ರವಾಸದಿಂದ ಬಂದ ಗೆಳತಿಯರು ಒಬ್ಬರಾದ ಮೇಲೊಬ್ಬರು ಅವಳಿಗೆ ಫೋನ್ ಮಾಡಿ ಎಲ್ಲ ಹೇಳಿದ್ದರಂತೆ. ಅದನ್ನೆಲ್ಲ ಪೋಣಿಸಿ, ಪ್ರವಾಸಕ್ಕೆ ಹೋಗದಿದ್ದವರಿಗೆ ಅವಳು ವರ್ಣಿಸತೊಡಗಿದಳು. ಬೆನ್ನು ಕಪ್ಪಗೆ, ಹೊಟ್ಟೆ ಹೊನ್ನಿನಂತೆ ಹೊಳೆಯುವ ಮೀನುಗಳು. ಒಂದರ ಮೇಲೊಂದು ಬಿದ್ದು ಪುರಿಗೆ ಬಾಯಿ ತೆರೆಯುತ್ತವಂತೆ. ಹೊಳೆಯಲ್ಲಿ ಕಾಲಿಟ್ಟರೆ ಬೆರಳಿಗೆ ಕಚಗುಳಿ ಇಡುತ್ತವಂತೆ. ಹೋಗಿ ಬಂದವರೂ ಬಾಯಿ ಬಿಟ್ಟುಕೊಂಡು ಕೇಳುತ್ತಿದ್ದರು. ನಾನೂ ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡೆ.

ಆ ವಾರವಷ್ಟೇ ಸೇರಿದ್ದ ಚನ್ನರಾಯಪಟ್ಟಣದ ಹಿರಿಯರೊಬ್ಬರು ನನ್ನ ಕಿವಿಯ ಬಳಿ ಬಗ್ಗಿ ಕೇಳಿದರು, "ಎಷ್ಟು ಚೆಂದ ಹೇಳ್ತಾವ್ರಲ್ಲ ಸಾ! ನೀವು ರಾಮನಾಥಪುರ ನೋಡಿದ್ದೀರಾ?"

"ಇಲ್ಲ" ಎಂದೆ.