ಅತ್ತಿಗೆಯ ಅಯ್ಯಯ್ಯೋ

ನನ್ನ ಅತ್ತಿಗೆಯ ಜೊತೆ ಪೇಟೆಗೆ ಹೊರಡುವವರಿಗೆ ನಾನು ಹೇಳುವ ಬುದ್ಧಿಮಾತು ಒಂದೇ: ಬೀಳುವ ಯೋಗವಿದ್ದರೆ ಮನೆಯಲ್ಲೇ ಒಮ್ಮೆ ಬಿದ್ದು ಹೊರಡಿ! ದಾರಿಯಲ್ಲಿ, ಅದೂ ಅವರ ಕಣ್ಣೆದುರು, ದಯವಿಟ್ಟು ಬೀಳಬೇಡಿ. ಮಂಡಿ ತರಚಿದ ನೋವು ನಾಲ್ಕು ದಿನಕ್ಕೆ ಹೋಗುತ್ತದೆ. ಅತ್ತಿಗೆಯ ‘ಅಯ್ಯಯ್ಯೋ’ ಕಿವಿಯಿಂದ ಹೋಗಲು ತಿಂಗಳು ಬೇಕು.

ಅತ್ತಿಗೆ ಅಂದರೆ ನಮ್ಮಣ್ಣನ ಹೆಂಡತಿ. ಐದಡಿಗೆ ಎರಡಂಗುಲ ಕಡಿಮೆ, ಮಾತು ಬಲು ಮೆತ್ತಗೆ. ಆ ಮೈಯೊಳಗೆ ಅಷ್ಟು ದೊಡ್ಡ ದನಿಯನ್ನು ದೇವರು ಎಲ್ಲಿ ಮಡಚಿಟ್ಟನೋ!

ಅದರ ಮೊದಲ ರುಚಿ ಕಂಡವಳು ನಾನೇ. ಅವರು ಮದುವೆಯಾಗಿ ಬಂದ ಹೊಸತು. ಗೋಣಿಬೀಡಿನ ಅಂಗಡಿಸಾಲಿನ ಮುಂದೆ ಪಾಚಿಯ ಮೇಲೆ ಕಾಲಿಟ್ಟು ಜಾರಿದೆ. ಯಾರೂ ನೋಡುವ ಮೊದಲೇ ಎದ್ದು ಬಟ್ಟೆ ಕೊಡವಿಕೊಳ್ಳೋಣ ಎನ್ನುವಷ್ಟರಲ್ಲಿ ಬೆನ್ನ ಹಿಂದೆ ಸಿಡಿಯಿತು: “ಅಯ್ಯಯ್ಯೋ! ಬಿದ್ಲಪ್ಪೋ! ಯಾರಾದ್ರೂ ಬನ್ನೀ!” ಆಗಷ್ಟೇ ಹೊರಟಿದ್ದ ಬಸ್ಸಿನ ಡ್ರೈವರ್ ಬೆಚ್ಚಿ ಬ್ರೇಕ್ ಒತ್ತಿದ. ಒಳಗೆ ನಿಂತಿದ್ದ ನಾಲ್ವರು ಒಬ್ಬರ ಮೇಲೊಬ್ಬರು ಉರುಳಿದರು. ಜಾರಿದವಳು ನಾನೊಬ್ಬಳು, ಎದ್ದವರು ಐದು ಜನ!

ಇನ್ನೊಮ್ಮೆ ಆಲ್ದೂರಿನಲ್ಲಿ ಹಿರಿಯರೊಬ್ಬರು ಬಸ್ಸಿಳಿಯುವಾಗ ಮೆಟ್ಟಿಲು ತಪ್ಪಿ ಬಿದ್ದರು. ಅತ್ತಿಗೆ ಕಿರುಚಿದ ರಭಸಕ್ಕೆ ತಮಗೇ ಉಸಿರು ಸಿಕ್ಕಿಕೊಂಡು ಅಲ್ಲೇ ಕುಸಿದು ಕೂತರು. ಬಿದ್ದವರು ಏನು ಮಾಡಬೇಕು? ಪಾಪ, ರಕ್ತ ಸುರಿಯುವ ಮಂಡಿ ಹೊತ್ತು ಕುಂಟುತ್ತಾ ಹೋಗಿ ಅತ್ತಿಗೆಗೆ ಸೋಡಾ ತಂದರು! “ನಂಗೇನೂ ಆಗ್ಲಿಲ್ಲಮ್ಮ. ನೀವು ಮೊದ್ಲು ಇದನ್ನ ಕುಡೀರಿ” ಎಂದು ಸಮಾಧಾನ ಬೇರೆ.

ನಮ್ಮಣ್ಣನದು ಒಂದೇ ವಾದ. “ತೋಟಕ್ಕೆ ಆನೆ ಬಂದ್ರೆ ಪಟಾಕಿ ಯಾಕೆ ಮಾರಾಯ್ತಿ? ಇವಳನ್ನ ಕರ್ಕೊಂಡು ಹೋಗಿ, ಎದುರಿಗೆ ಒಬ್ರು ಬಿದ್ರೆ ಸಾಕು!”

ನಾನೂ ಒಮ್ಮೆ ಕೇಳಿಯೇಬಿಟ್ಟೆ. “ಅತ್ತಿಗೆ, ಸ್ವಲ್ಪ ಮೆಲ್ಲಗೆ ಕಿರುಚಬಾರ್ದಾ?”

“ಮೆಲ್ಲಗೆ ಕಿರುಚೋಕೆ ಅದೇನು ಗುಟ್ಟಾ?” ಎಂದರು.

ಹೋದ ಮಳೆಗಾಲದಲ್ಲಿ ಮೂಡಿಗೆರೆಗೆ ಹೋಗಿದ್ದೆವು. ಪೇಟೆಯ ಬೀದಿಯಲ್ಲಿ ಚರಂಡಿಗೆ ಹಾಸಿದ ಚಪ್ಪಡಿಗಳೇ ಫುಟ್‌ಪಾತು. ಒಂದು ಅಲ್ಲಾಡುತ್ತದೆ, ಇನ್ನೊಂದು ಬಾಯಿ ಬಿಟ್ಟಿದೆ. ಅಲ್ಲೊಂದು ಗೋಡೆಯ ಬುಡದಲ್ಲಿ ಅರವತ್ತು ದಾಟಿದ ಒಬ್ಬರು ಮಗ್ಗುಲಾಗಿ ಮಲಗಿದ್ದರು. ಪಂಚೆ ಕೆಸರಾಗಿತ್ತು, ಒಂದು ಚಪ್ಪಲಿ ಚರಂಡಿಗೆ ಬಿದ್ದಿತ್ತು. ಜನ ಅವರನ್ನು ಬಳಸಿಕೊಂಡು ನಡೆಯುತ್ತಿದ್ದರು. ನಾನೂ ಸೆರಗು ಸರಿಮಾಡಿಕೊಂಡು ಬಳಸಿದೆ. “ಬೆಳಿಗ್ಗೆ ಹನ್ನೊಂದಕ್ಕೇ ಹಾಕ್ಕೊಂಡಿದ್ದಾನೆ. ಬನ್ನಿ ಅತ್ತಿಗೆ” ಎಂದು ಅವರ ಕೈ ಎಳೆದೆ.

ಕೈ ಬರಲಿಲ್ಲ. ಅತ್ತಿಗೆ ಚೀಲ ಅಲ್ಲೇ ಬಿಟ್ಟು, ಆ ಕೆಸರಿನಲ್ಲೇ ಮಂಡಿಯೂರಿ, ಕಿರುಚಿದರು. ಇಷ್ಟು ವರ್ಷ ಕೇಳಿದ ನನಗೇ ಎದೆ ಝಲ್ಲೆಂದಿತು. ಅಂಗಡಿಗಳಿಂದ ಜನ ಓಡಿ ಬಂದರು. ಯಾರೋ ಬಿದ್ದವರ ತಲೆ ಎತ್ತಿದಾಗ ಕೈಗೆ ರಕ್ತ ಹತ್ತಿತು. ಚಪ್ಪಡಿಯ ಅಂಚು ತಲೆಯ ಹಿಂದೆ ಹೊಡೆದಿತ್ತು. ಬಾಯಲ್ಲಿ ಹೆಂಡದ ವಾಸನೆ ಒಂದಿಷ್ಟೂ ಇರಲಿಲ್ಲ.

ಆಟೋದಲ್ಲಿ ಆಸ್ಪತ್ರೆಗೆ ಸೇರಿಸಿದೆವು. ಹೊಲಿಗೆ ಹಾಕಿ ಹೊರಬಂದ ಡಾಕ್ಟರು, “ಜೀವಕ್ಕೆ ಅಪಾಯ ಇಲ್ಲ. ಇನ್ನೂ ತಡ ಮಾಡಿದ್ರೆ ಕಷ್ಟ ಇತ್ತು” ಎಂದರು.

ಹೊರಗಿನ ಬೆಂಚಿನಲ್ಲಿ ಕೂತಾಗ ಅತ್ತಿಗೆಯ ಗಂಟಲು ಒಡೆದುಹೋಗಿತ್ತು. ನಾನು ಮುಂದೆ ಬಾಗಿ ಕೇಳಿಸಿಕೊಳ್ಳಬೇಕಾಯಿತು.

“ನಮ್ಮಪ್ಪನೂ ಹಿಂಗೇ ಬಿದ್ದಿದ್ದು. ಚಿಕ್ಕಮಗಳೂರಲ್ಲಿ, ಸಂತೆ ದಿನ. ಕುಡಿದಿದ್ದಾರೆ ಅಂತ ಎಲ್ರೂ ದಾಟ್ಕೊಂಡೇ ಹೋದ್ರಂತೆ. ಎರಡು ಗಂಟೆ ಹೊತ್ತು. ಆಸ್ಪತ್ರೆಗೆ ಸೇರಿಸೋ ಹೊತ್ತಿಗೆ ಮುಗಿದಿತ್ತು. ಕಾಫಿ ಬಿಟ್ರೆ ಬೇರೇನೂ ಕುಡಿದೋರಲ್ಲ ಮಾರಾಯ್ತಿ, ನಮ್ಮಪ್ಪ. ಅಷ್ಟು ಜನದಲ್ಲಿ ಯಾರಾದ್ರೂ ಒಬ್ರು ಕಿರುಚಿದ್ರೆ ಸಾಕಿತ್ತು.”

ಹದಿನೈದು ವರ್ಷ ಒಂದೇ ಮನೆಯಲ್ಲಿ ಉಂಡವಳು ನಾನು. ಅವರಪ್ಪ ತೀರಿಕೊಂಡದ್ದು ಗೊತ್ತಿತ್ತು. ಹೇಗೆಂದು ಒಂದು ದಿನವೂ ಕೇಳಿರಲಿಲ್ಲ. ಆಗ ಬೀದಿಯಲ್ಲಿ ನಾನಾಡಿದ ಮಾತು ನೆನಪಾಗಿ ಮುಖ ಎತ್ತಲಾಗಲಿಲ್ಲ.

ಅಷ್ಟರಲ್ಲಿ ಬಿದ್ದವರ ಹೆಂಡತಿ ಓಡೋಡಿ ಬಂದರು. ಡಾಕ್ಟರರ ಮಾತು ಕೇಳಿ, ಕಣ್ಣೊರೆಸಿಕೊಂಡು, ಅಲ್ಲಿದ್ದವರನ್ನೆಲ್ಲ ನೋಡುತ್ತಾ ಕೇಳಿದರು: “ಕೂಗಿ ಜನ ಸೇರಿಸಿದೋರು ಯಾರು?”

ಅತ್ತಿಗೆ ನಾಚಿಕೊಂಡು ನನ್ನ ಬೆನ್ನ ಹಿಂದೆ ಸರಿದರು. ನಾನು ಅವರ ಕೈ ಹಿಡಿದು ಮುಂದೆ ತಂದೆ.

“ಇವ್ರು. ನಮ್ಮತ್ತಿಗೆ” ಎಂದೆ.